ಮರಳಿನಲ್ಲಿ ಮೂರು ದಿನ

ನಮ್ಮ ಬೀದಿಯ ತುದಿಮನೆಯ ಹುಡುಗ ಈಚೆಗೆ ಒಂದು ಎತ್ತರದ ಮೋಟಾರ್ ಸೈಕಲ್ಲನ್ನು ಕೊಂಡಿದ್ದಾನೆ. ಅದನ್ನು ಹತ್ತಬೇಕಾದರೆ ಒಂದು ಕಾಲನ್ನು ನೆಲದಲ್ಲಿ ಭದ್ರವಾಗಿ ಊರಿ, ಮನೆದೇವರನ್ನು ನೆನೆದು, ಇನ್ನೊಂದು ಕಾಲನ್ನು ಆಚೆಗೆ ಎಸೆಯಬೇಕು. ಕೊಂಡ ದಿನದಿಂದ ಅವನ ಬಾಯಲ್ಲಿ ಒಂದೇ ಮಂತ್ರ: ಡಕಾರ್, ಡಕಾರ್. ಮೊನ್ನೆ ಸಂಜೆ ನಾನು ತರಕಾರಿಯ ಚೀಲ ಹಿಡಿದು ಬರುತ್ತಿದ್ದಾಗ ಅಡ್ಡಗಟ್ಟಿ ಕೇಳಿದ:

“ಮಾಮ, ನೀವು ಡಕಾರ್ ರ‍್ಯಾಲಿಯನ್ನು ಕಣ್ಣಾರೆ ನೋಡಿದ್ದೀರಂತೆ, ನಿಜವೆ?”

ನಿಜವೆಂದೆ.

“ಎಷ್ಟು ದಿನ ನೋಡಿದಿರಿ?”

“ಹೋಗಿದ್ದು ಮೂರು ದಿನ. ನೋಡಿದ್ದು ಎಲ್ಲ ಸೇರಿ ಹತ್ತೋ ಹದಿನೈದೋ ನಿಮಿಷ.”

ಹುಡುಗ ನಕ್ಕುಬಿಟ್ಟ. ನಾನು ಹೇಳಿದ್ದು ಹಾಸ್ಯಕ್ಕಲ್ಲ. ಆ ಮೂರು ದಿನಗಳ ಕಥೆಯನ್ನು ಅವನಿಗೆ ರಸ್ತೆಯಲ್ಲಿ ನಿಂತು ಹೇಳುವಂತಿರಲಿಲ್ಲ. ಆದ್ದರಿಂದ ಈ ವಾರ ಇಲ್ಲಿ ಹೇಳುತ್ತಿದ್ದೇನೆ.

೨೦೨೦ನೆಯ ಜನವರಿಯ ಮಾತು. ಒಂದು ಕೆಲಸದ ನಿಮಿತ್ತ ನಾನು ಸೌದಿ ಅರೇಬಿಯದ ರಾಜಧಾನಿ ರಿಯಾದಿನಲ್ಲಿ ಇಪ್ಪತ್ತು ದಿನ ಇರಬೇಕಾಗಿ ಬಂತು. ಇಳಿದುಕೊಂಡದ್ದು ನನ್ನ ಕಾಲೇಜಿನ ಗೆಳೆಯನ ಮನೆಯಲ್ಲಿ. ಅವನು ಸೇತುವೆ ಕಟ್ಟುವ ಎಂಜಿನಿಯರು. ಆ ದೇಶದಲ್ಲಿ ನದಿಯೇ ಇಲ್ಲವಲ್ಲ, ಸೇತುವೆ ಯಾವುದರ ಮೇಲೆ ಕಟ್ಟುತ್ತೀಯೆ ಎಂದು ಕೇಳಿದರೆ ಕೋಪಿಸಿಕೊಳ್ಳುತ್ತಾನೆ. ಅವನ ಮನೆಗೆ ಸಂಜೆಯ ಹೊತ್ತು ತಪ್ಪದೆ ಬರುವವರು ಇಬ್ಬರು. ಒಬ್ಬರು ಧಾರವಾಡದ ಡಾಕ್ಟರು, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಮೂಳೆಯ ವೈದ್ಯರು. ಇನ್ನೊಬ್ಬರು ಮಂಗಳೂರಿನ ಕಡೆಯ ಸಾಹೇಬರು, ಮೂವತ್ತು ವರ್ಷದಿಂದ ಅಲ್ಲಿ ಮೋಟಾರು ಗ್ಯಾರೇಜು ನಡೆಸಿಕೊಂಡು ಬಂದವರು. ಮೂವರೂ ಸೇರಿದರೆ ಕನ್ನಡ ಮೂರು ಬಗೆಯಲ್ಲಿ ಕೇಳಿಸುವುದು. ಹಾಗೆ ಕೇಳುತ್ತ ಕೂತಿದ್ದಾಗಲೇ ಈ ಪ್ರಯಾಣದ ಮಾತು ಹುಟ್ಟಿದ್ದು.

ಆ ದೇಶದಲ್ಲಿ ವಾರದ ರಜ ಶುಕ್ರವಾರ ಮತ್ತು ಶನಿವಾರ. ಭಾನುವಾರ ಎಲ್ಲರೂ ಟೈ ಕಟ್ಟಿಕೊಂಡು ಕಚೇರಿಗೆ ಹೋಗುತ್ತಾರೆ. ಆ ಭಾನುವಾರ, ಅಂದರೆ ಜನವರಿ ೧೨ರಂದು, ರೇಸು ರಿಯಾದಿನಿಂದ ಹೊರಟು ದಕ್ಷಿಣಕ್ಕೆ ವಾದಿ ಅದ್-ದವಾಸಿರ್ ಎಂಬಲ್ಲಿಗೆ ಹೋಗುವುದಿತ್ತು. ಒಂದು ದಿನದ ರಜ ಹಾಕಿದರೆ ಮೂರು ದಿನ ಕೈಗೆ ಸಿಗುವುದು. “ನಮ್ಮ ಬೆಂಗಳೂರಿನ ಹುಡುಗ ಓಡಿಸ್ತಿದ್ದಾನೆ ಮಾರಾಯ್ರೆ, ನಾವು ಇಲ್ಲಿದ್ದು ನೋಡದಿದ್ರೆ ಎಂತ ಆಯ್ತು?” ಎಂದರು ಸಾಹೇಬರು. ಅಷ್ಟಕ್ಕೇ ತೀರ್ಮಾನವಾಗಿ ಹೋಯಿತು.

ಬೆಂಗಳೂರಿನ ಹುಡುಗನೆಂದರೆ ಸಿ. ಎಸ್. ಸಂತೋಷ್. ೨೦೧೫ರಲ್ಲಿ ಈ ರ‍್ಯಾಲಿಯನ್ನು ಕೊನೆಯವರೆಗೂ ಓಡಿಸಿ ಮುಗಿಸಿದ ಮೊದಲನೆಯ ಭಾರತೀಯರು ಅವರೇ. ಆ ಸಲ ೩೬ನೆಯ ಸ್ಥಾನ ಬಂದಿತ್ತು. ಮೂವತ್ತಾರನೆಯ ಸ್ಥಾನವೊಂದು ಹೆಮ್ಮೆಯೆ ಎಂದು ಮೂಗು ಮುರಿಯುವವರು ಈ ರೇಸಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಯಬೇಕು.

ಫ್ರಾನ್ಸಿನ ಥಿಯೆರಿ ಸಬೀನ್ ಎಂಬಾತ ೧೯೭೭ರಲ್ಲಿ ಬೇರೊಂದು ರ‍್ಯಾಲಿಯಲ್ಲಿ ಮೋಟಾರ್ ಸೈಕಲ್ಲು ಓಡಿಸುತ್ತ ಲಿಬಿಯದ ಮರಳುಗಾಡಿನಲ್ಲಿ ದಾರಿ ತಪ್ಪಿದ. ಸಾಯುವುದರಲ್ಲಿದ್ದವನು ಹೇಗೋ ಬದುಕಿ ಮನೆಗೆ ಬಂದ. ನಿಮ್ಮಂಥವರು ನಮ್ಮಂಥವರು ಆದರೆ ಇನ್ನು ಮೇಲೆ ಬೀಚಿನ ಮರಳನ್ನೂ ಮೆಟ್ಟುತ್ತಿರಲಿಲ್ಲ. ಈ ಮಹಾರಾಯನಿಗೆ ಮರಳುಗಾಡಿನ ಮೇಲೆ ಪ್ರೀತಿ ಹುಟ್ಟಿತು. ೧೯೭೮ರ ಡಿಸೆಂಬರ್ ೨೬ರಂದು ಪ್ಯಾರಿಸ್ಸಿನಿಂದ ಆಫ್ರಿಕದ ಡಕಾರ್ ನಗರಕ್ಕೆ ಮೊದಲನೆಯ ರೇಸು ಹೊರಡಿಸಿದ. ಹೊರಟ ಗಾಡಿಗಳು ೧೮೨, ಮುಟ್ಟಿದ್ದು ೭೪. ಮುಂದೆ ೧೯೮೬ರಲ್ಲಿ ಆ ರೇಸಿನ ನಡುವೆಯೇ ಹೆಲಿಕಾಪ್ಟರ್ ಬಿದ್ದು ಸಬೀನ್ ಸತ್ತ. ಮಾರಿಟಾನಿಯದಲ್ಲಿ ಭಯೋತ್ಪಾದಕರ ಭೀತಿ ಹುಟ್ಟಿ ೨೦೦೮ರ ರೇಸು ನಿಂತಿತು; ೨೦೦೯ರಿಂದ ೨೦೧೯ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆಯಿತು; ೨೦೨೦ರಲ್ಲಿ ಮೊದಲ ಬಾರಿಗೆ ಸೌದಿಗೆ ಬಂತು. ಡಕಾರಿಗೆ ಹೋಗದ ರೇಸಿಗೆ ಡಕಾರ್ ಎಂಬ ಹೆಸರೇಕೆ ಎಂದು ನಾನು ಕೇಳಿದಾಗ ಎಂಜಿನಿಯರ ಮನೆಯವರು, “ಮೈಸೂರುಪಾಕು ಮಂಡ್ಯದಲ್ಲಿ ಮಾಡಿದರೆ ಮಂಡ್ಯಪಾಕು ಅನ್ನುತ್ತೀರ?” ಎಂದು ನನ್ನ ಬಾಯಿ ಮುಚ್ಚಿಸಿದರು.

ಈ ಗೃಹಿಣಿಯ ಬಗ್ಗೆ ಎರಡು ಮಾತು ಹೇಳಬೇಕು. ಸೌದಿಯಲ್ಲಿ ಹೆಂಗಸರು ಮೋಟಾರು ನಡೆಸುವುದಕ್ಕೆ ಅಪ್ಪಣೆಯಾದದ್ದು ೨೦೧೮ರ ಜೂನ್ ೨೪ರಂದು. ಅದಕ್ಕೆ ಮುಂಚೆ ಹದಿನೆಂಟು ವರ್ಷ ಆಕೆ ಹಿಂದಿನ ಸೀಟಿನಲ್ಲಿ ಕೂತು ಗಂಡ ಮಾಡುತ್ತಿದ್ದ ತಪ್ಪುಗಳನ್ನೆಲ್ಲ ಮೌನವಾಗಿ ಎಣಿಸಿಕೊಂಡಿದ್ದರು. ಲೈಸೆನ್ಸು ಬಂದ ಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ಸ್ಟಿಯರಿಂಗನ್ನೇ ಕೈಗೆ ತೆಗೆದುಕೊಂಡರು. ನಮ್ಮ ಪ್ರಯಾಣದಲ್ಲಿ ಮುಂದಿನ ಗಾಡಿ ಅವರದು. ಹಿಂದಿನದು ಸಾಹೇಬರ ಪಿಕಪ್ಪು. ಮರಳುಗಾಡಿಗೆ ಒಂಟಿ ಗಾಡಿಯಲ್ಲಿ ಹೋಗಬಾರದೆಂಬುದು ಅಲ್ಲಿಯವರ ಕಟ್ಟಳೆ.

ಶುಕ್ರವಾರ ಬೆಳಗ್ಗೆ ಹೊರಟೆವು. ಬುತ್ತಿಯ ವಿಷಯ ಬರೆದರೆ ಈ ಪುಟವೆಲ್ಲ ಅದಕ್ಕೇ ಬೇಕಾದೀತು: ಡಾಕ್ಟರ ಮನೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಸಾಹೇಬರ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ, ನಮ್ಮ ಗಾಡಿಯಲ್ಲಿ ಬಿಸಿಬೇಳೆ ಹುಳಿಯನ್ನ. ಇವೆಲ್ಲದರ ಮೇಲೆ ಒಂದು ಡಬ್ಬಿ ಎಳ್ಳು ಬೆಲ್ಲ. ಸಂಕ್ರಾಂತಿ ನಾಲ್ಕೈದು ದಿನವಿತ್ತಷ್ಟೆ. ಕೊಬ್ಬರಿಯನ್ನು ಹೆಚ್ಚಿ ಒಣಗಿಸಲು ಅಲ್ಲಿಯಷ್ಟು ಒಳ್ಳೆಯ ಬಿಸಿಲು ಎಲ್ಲೂ ಇಲ್ಲವೆಂದು ಆಕೆಯ ಮತ.

ರಿಯಾದ್ ದಾಟಿ ಒಂದು ಗಂಟೆಯ ದಾರಿಗೆ ಅಲ್ ಖರ್ಜ್ ಸಿಗುತ್ತದೆ. ಮರಳಿನ ನಡುವೆ ಹಸಿರು ಚಕ್ರಗಳು; ಉದ್ದನೆಯ ಕೊಳವೆಯೊಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತ ನೀರು ಸುರಿದು ದನಗಳಿಗೆ ಮೇವು ಬೆಳೆಸುತ್ತದೆ. ಆ ದೇಶದ ದೊಡ್ಡ ದೊಡ್ಡ ಡೇರಿಗಳು ಇರುವುದು ಅಲ್ಲಿಯೇ. ನೀರೋ, ನೆಲದ ಆಳದಿಂದ ಬಂದದ್ದು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಮಳೆ ಹುಯ್ಯುತ್ತಿದ್ದ ಕಾಲದಲ್ಲಿ ಇಂಗಿ ಕೂತದ್ದು. ಅಜ್ಜ ಕೂಡಿಟ್ಟ ಹಣ. ಮೊಮ್ಮಕ್ಕಳು ಖರ್ಚು ಮಾಡುತ್ತಿದ್ದಾರೆ. ಇದರ ಲೆಕ್ಕ ಮರುದಿನ ನಮ್ಮ ಕಣ್ಣಿಗೇ ಬಿತ್ತು. ರಿಯಾದಿನಿಂದ ಸುಮಾರು ೩೦೦ ಕಿಲೋಮೀಟರು ದಕ್ಷಿಣದಲ್ಲಿ ಅಲ್ ಅಫ್ಲಾಜ್ ಸೀಮೆ, ಅದರ ಮುಖ್ಯ ಊರು ಲೈಲಾ. ಅಫ್ಲಾಜ್ ಎಂದರೆ ನೀರಿನ ಕಾಲುವೆಗಳು. ಊರಿನ ಹತ್ತಿರ ಹಿಂದೆ ಸರೋವರಗಳಿದ್ದುವು; ಜನ ಅಲ್ಲಿ ಈಜುತ್ತಿದ್ದರಂತೆ, ದೋಣಿಯಲ್ಲಿ ಹೋಗುತ್ತಿದ್ದರಂತೆ. ಪಂಪುಗಳು ಬಂದು ಅಂತರ್ಜಲ ಇಳಿದು ೧೯೯೦ರ ದಶಕದ ಹೊತ್ತಿಗೆ ಅವು ಬತ್ತಿಹೋದುವು. ನಾವು ನೋಡಿದ್ದು ಆಳವಾದ ಒಣ ಹೊಂಡಗಳನ್ನು. ಸಾಹೇಬರು ಮೊದಲ ಸಲ ಈ ಕಡೆ ಬಂದಾಗಲೇ ನೀರು ತಳ ಕಂಡಿತ್ತಂತೆ. ದಡದಲ್ಲಿ ನಿಂತು, “ನಮ್ಮ ಊರಿನ ಬಾವಿಗೆ ಹೀಗಾಗದಿರಲಿ” ಎಂದು ಮೆಲ್ಲನೆ ಹೇಳಿಕೊಂಡರು.

ಹೌದು, ಊರಿನ ಹೆಸರು ಆ ಲೈಲಾಳದೇ. ಮಜ್ನೂನ್ ಅವಳಿಗಾಗಿ ಹುಚ್ಚನಾಗಿ ಅಲೆದ ಬೆಟ್ಟ ತೌಬಾದ್ ಆ ಸೀಮೆಯದೇ ಎಂದು ಅಲ್ಲಿಯವರ ನಂಬಿಕೆ. ನಾನು ನೋಡಲೇಬೇಕೆಂದೆ. ಆದರೆ ಜೊತೆಗಿದ್ದ ನಾಲ್ವರಿಗೂ ಮಜ್ನೂನನಿಗಿಂತ ಮೋಟಾರ್ ಸೈಕಲ್ಲಿನ ಮೇಲೆ ಪ್ರೀತಿ ಹೆಚ್ಚಾಗಿದ್ದಿತು.

ರೇಸಿನ ಹಾದಿ ಎಲ್ಲಿ ಹಾಯುತ್ತದೆಂಬುದನ್ನು ಸಾಹೇಬರು ಗ್ಯಾರೇಜಿನ ಗಿರಾಕಿಯೊಬ್ಬನಿಂದ ಗುಟ್ಟಾಗಿ ತಿಳಿದುಕೊಂಡಿದ್ದರು. ಟಾರು ರಸ್ತೆಯನ್ನು ಬಿಟ್ಟು ಒಳಕ್ಕೆ ಹೋಗಬೇಕು. ರಸ್ತೆಯಂಚಿನಲ್ಲಿ ನಿಲ್ಲಿಸಿ ಟೈರುಗಳ ಗಾಳಿಯನ್ನು ೩೫ ಪೌಂಡಿನಿಂದ ೧೫ಕ್ಕೆ ಇಳಿಸಿದರು. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಒಂಟೆಯ ಪಾದದಂತೆ ಹರಡಿಕೊಳ್ಳುತ್ತದೆ. ಭಾರ ಅಗಲಕ್ಕೆ ಹಂಚಿಹೋಗಿ ಗಾಡಿ ಮರಳಿನಲ್ಲಿ ಹೂಳುವುದಿಲ್ಲ. ಈ ತತ್ತ್ವವನ್ನು ಎಂಜಿನಿಯರು ನನಗೆ ಕಾಗದದ ಮೇಲೆ ಬರೆದು ವಿವರಿಸಿದ. ವಿವರಿಸಿದ ಹುರುಪಿನಲ್ಲಿ, ಸ್ವಲ್ಪ ದೂರ ತಾನೇ ನಡೆಸುತ್ತೇನೆಂದು ಹೆಂಡತಿಯನ್ನು ಒಪ್ಪಿಸಿ ಸ್ಟಿಯರಿಂಗು ಹಿಡಿದ. ಅರ್ಧ ಫರ್ಲಾಂಗು ಹೋಗಲಿಲ್ಲ, ಗಾಡಿ ಆಕ್ಸಲಿನವರೆಗೆ ಕೂತಿತು. ಗಾಡಿ ಕೂತಾಗ ಎಲ್ಲರೂ ಮಾಡುವ ತಪ್ಪನ್ನೇ ಅವನೂ ಮಾಡಿದ: ಆಕ್ಸಿಲರೇಟರನ್ನು ತುಳಿದ. ಚಕ್ರ ಗಿರಗಿರನೆ ತಿರುಗಿ ತನಗೆ ತಾನೇ ಗುಂಡಿ ತೋಡಿಕೊಂಡಿತು. ನಾವೆಲ್ಲ ಇಳಿದು ಕೈಯಿಂದ ಮರಳು ಬಗೆದು, ಚಕ್ರದ ಮುಂದೆ ಹಲಗೆಯಿಟ್ಟು, ಆಕೆ ಎರಡನೆಯ ಗೇರಿನಲ್ಲಿ ಮೆತ್ತಗೆ ಮುಂದಕ್ಕೆ ತಂದರು. ಗಂಡನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು.

ನಾವು ಡೇರೆ ಹೊಡೆದ ಕಡೆ ಆಗಲೇ ಒಂದು ಸಂಸಾರ ಬಂದಿತ್ತು. ದವಾಸಿರ್ ಕುಲದ ಒಬ್ಬ ಮುದುಕರು, ಅವರ ನಾಲ್ಕೈದು ಮಂದಿ ಮೊಮ್ಮಕ್ಕಳು. ನಾವು ಗೂಟ ಹೊಡೆಯುವುದಕ್ಕೆ ಮುಂಚೆಯೇ ಹುಡುಗನೊಬ್ಬ ಬಂದು ಕಾಫಿಗೆ ಕರೆದ. ಅವರ ಕಾಫಿ ನಮ್ಮ ಕಾಫಿಯಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಷಾಯದ ಬಣ್ಣ. ಜೊತೆಗೆ ಖರ್ಜೂರ. ಎಂಜಿನಿಯರ ಮನೆಯವರು ಎಳ್ಳು ಬೆಲ್ಲದ ಡಬ್ಬಿ ತೆರೆದು ಮುದುಕರ ಮುಂದೆ ಹಿಡಿದರು. ಇದನ್ನು ತಿಂದವರು ವರ್ಷವಿಡೀ ಒಳ್ಳೆಯ ಮಾತನಾಡಬೇಕೆಂಬ ನಿಯಮವನ್ನು ಸಾಹೇಬರು ಅರಬ್ಬಿಯಲ್ಲಿ ತಿಳಿಸಿದರು. ಮುದುಕರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಏನೋ ಅಂದರು. “ಒಂದು ವರ್ಷಕ್ಕೆ ಇಷ್ಟೇ ಸಾಕಾ, ಇನ್ನೊಂದು ಹಿಡಿ ಬೇಕಾ ಅಂತ ಕೇಳ್ತಾ ಇದ್ದಾರೆ” ಎಂದರು ಸಾಹೇಬರು.

ಮರಳುಗಾಡಿನ ಜನವರಿಯ ಚಳಿ ನನಗೆ ಗೊತ್ತಿರಲಿಲ್ಲ. ರಾತ್ರಿ ಎರಡು ಕಂಬಳಿಯೊಳಗೂ ಹಲ್ಲು ಕಟಕಟನೆಂದುವು. ಬೆಂಕಿಯ ಸುತ್ತ ಕೂತು ಡಾಕ್ಟರು ಮರುದಿನದ ಹಾದಿಯ ವಿಷಯ ಹೇಳಿದರು. ಗಡಿಯಾರದ ಲೆಕ್ಕಕ್ಕೆ ಸೇರುವ ಓಟವೇ ೫೪೬ ಕಿಲೋಮೀಟರು. ಆ ವರ್ಷದ ರ‍್ಯಾಲಿಯಲ್ಲಿ ಎಲ್ಲಕ್ಕಿಂತ ಉದ್ದವಾದದ್ದು. ಬೆಂಗಳೂರಿನಿಂದ ಬೆಳಗಾವಿಗೆ ೫೦೦. ಆದರೆ ಇಲ್ಲಿ ರಸ್ತೆಯಿಲ್ಲ, ಮೈಲಿಗಲ್ಲಿಲ್ಲ. ಸವಾರನ ಹ್ಯಾಂಡಲ್ಲಿನ ಮುಂದೆ ಪಂಚಾಂಗದ ಸುರುಳಿಯಂತೆ ಒಂದು ಕಾಗದದ ಸುರುಳಿ. ಇಷ್ಟು ದೂರ ಹೋದ ಮೇಲೆ ಬಲಕ್ಕೆ, ಇಲ್ಲಿ ಹಳ್ಳ, ಅಲ್ಲಿ ಕಲ್ಲು ಎಂದು ಗುರುತುಗಳು. ಮರಳಿನ ಮೇಲೆ ನೂರು ನೂರಿಪ್ಪತ್ತು ಕಿಲೋಮೀಟರು ವೇಗದಲ್ಲಿ ನಿಂತುಕೊಂಡು ಓಡಿಸುತ್ತ ಇದನ್ನು ಓದಬೇಕು. “ಕಣ್ಣ ಒಂದು ಸೆಕೆಂಡು ಕಾಗದದ ಮ್ಯಾಲೆ ಇದ್ರ ಗಾಡಿ ಮೂವತ್ತು ಮೀಟರ್ ಕುರುಡಾಗಿ ಹೋಗಿರ್ತೈತ್ರಿ” ಎಂದರು ಡಾಕ್ಟರು. ಅವರು ಇಂಥವರ ಮೂಳೆಗಳನ್ನು ಕೂಡಿಸಿದವರು. ಅವರ ಧ್ವನಿಯಲ್ಲಿ ಮೆಚ್ಚುಗೆಯಿತ್ತು, ಸಿಟ್ಟೂ ಇತ್ತು.

ಭಾನುವಾರ ಬೆಳಗಾಯಿತು. ಕಾದೆವು. ಮೊದಲು ಬಂದದ್ದು ಶಬ್ದ. ದೂರದಲ್ಲಿ ಜೇನುಹುಳು ಹಾರಿದ ಹಾಗೆ. ಆಮೇಲೆ ದಿಬ್ಬದ ಮೇಲೆ ಧೂಳಿನ ಒಂದು ಗರಿ ಎದ್ದಿತು. ಮುದುಕರ ಮೊಮ್ಮಕ್ಕಳು ಕಿರುಚಿದರು. ಒಬ್ಬ ಸವಾರ ದಿಬ್ಬದ ನೆತ್ತಿಯಲ್ಲಿ ಕಾಣಿಸಿಕೊಂಡು, ಚಕ್ರಗಳೆರಡೂ ನೆಲ ಬಿಟ್ಟು, ಇಳಿಜಾರಿಗೆ ಬಿದ್ದು, ನಮ್ಮ ಮುಂದೆ ಹಾಯ್ದು, ಆಚೆಯ ದಿಬ್ಬದಲ್ಲಿ ಮರೆಯಾದ. ಇಷ್ಟು. ಎಣಿಸಿದರೆ ಹತ್ತು ಸೆಕೆಂಡು. ಆಮೇಲೆ ಮತ್ತೆ ಮೌನ, ಗಾಳಿ, ಕಾಫಿ. ಮತ್ತೆ ಜೇನಿನ ಸದ್ದು.

ಹೀಗೆ ಎಷ್ಟೋ ಮಂದಿ ಹೋದರು. ದೂರಕ್ಕೆ ಅವರ ನಂಬರು ಕಾಣುವುದಿಲ್ಲ. ಬಟ್ಟೆಯ ಬಣ್ಣ ಮಾತ್ರ ಕಾಣುತ್ತದೆ. ಸಂತೋಷರ ತಂಡ ಹೀರೋ ಕಂಪೆನಿಯದು. ಕೆಂಪು, ಬಿಳಿ, ಕಪ್ಪು ಬಣ್ಣದ ಉಡುಪು. ಆದರೆ ಆ ತಂಡಕ್ಕೆ ಆ ವರ್ಷ ನಾಲ್ವರು ಸವಾರರು, ನಾಲ್ವರಿಗೂ ಒಂದೇ ಉಡುಪು, ಮೇಲೆ ಹೆಲ್ಮೆಟ್ಟು, ಕನ್ನಡಕ, ಮುಖದ ತುಂಬ ಧೂಳು. ಬಹಳ ಹೊತ್ತಿನ ಮೇಲೆ ಅಂಥ ಬಣ್ಣವೊಂದು ದಿಬ್ಬದ ಮೇಲೆ ಕಂಡಿತು. “ಅಗೋ!” ಎಂದರು ಸಾಹೇಬರು. ಐವರೂ ಎದ್ದು ನಿಂತು, ಲಜ್ಜೆಗೆಟ್ಟು, ಗಂಟಲು ಕಿತ್ತುಹೋಗುವಂತೆ, “ಸಂತೋಷ್! ಸಂತೋಷ್!” ಎಂದು ಕೂಗಿದೆವು. ಅರಬ್ಬಿ ಹುಡುಗರೂ ನಮ್ಮ ಜೊತೆ ಸೇರಿ ಅದೇ ಹೆಸರನ್ನು ತಮಗೆ ತೋಚಿದಂತೆ ಕೂಗಿದರು. ಸವಾರ ನಮ್ಮ ಎದುರಿಗೆ ಬಂದಾಗ ಎಡಗೈಯನ್ನು ಹ್ಯಾಂಡಲ್ಲಿನಿಂದ ಒಂದು ಗೇಣು ಮೇಲಕ್ಕೆತ್ತಿ ಮತ್ತೆ ಇಳಿಸಿದ. ಹೋದ. ನಮ್ಮ ಡಾಕ್ಟರ ಕಣ್ಣಲ್ಲಿ ನೀರು ನಿಂತಿತ್ತು. ಧೂಳೆಂದು ಹೇಳಿದರು.

ಆಮೇಲೆ ಹೆಲಿಕಾಪ್ಟರು ಬಂತು. ಬೆಳಗಿನಿಂದ ಟೆಲಿವಿಷನ್ನಿನವರ ಹೆಲಿಕಾಪ್ಟರುಗಳು ಸುತ್ತುತ್ತಲೇ ಇದ್ದುವು. ಇದು ಬಹಳ ತಗ್ಗಿನಲ್ಲಿ, ನೇರವಾಗಿ ಹೋಯಿತು. ಮಕ್ಕಳು ಅದಕ್ಕೂ ಕೈ ಬೀಸಿದರು. ನಾವೂ ಬೀಸಿದೆವು.

ಕಾರುಗಳ ಸರದಿ ಬಂದಾಗ ಬಿಸಿಲು ಏರಿತ್ತು. ಫಾರ್ಮುಲಾ ಒನ್ನಿನ ಫರ್ನಾಂಡೊ ಅಲಾನ್ಸೊ ಆ ವರ್ಷ ಈ ರೇಸಿನಲ್ಲಿದ್ದ. ಕಾರುಗಳಲ್ಲೊಂದು ಅವನದೆಂದು ಎಂಜಿನಿಯರು ಪಂದ್ಯ ಕಟ್ಟಿದ, ನಾನು ಅಲ್ಲವೆಂದೆ, ತೀರ್ಪು ಕೊಡುವವರು ಯಾರೂ ಇರಲಿಲ್ಲ. ಲಾರಿಗಳನ್ನು ನೋಡದೆಯೆ ಮಧ್ಯಾಹ್ನ ಗಂಟು ಕಟ್ಟಿದೆವು. ಮರುದಿನ ಎಲ್ಲರಿಗೂ ಕೆಲಸವಿತ್ತು. ಮುದುಕರು ಸಾಹೇಬರ ಟೆಲಿಫೋನ್ ನಂಬರು ಬರೆಸಿಕೊಂಡು, ಖರ್ಜೂರದ ಪೆಟ್ಟಿಗೆಯೊಂದನ್ನು ಬೇಡವೆಂದರೂ ಪಿಕಪ್ಪಿನೊಳಗೆ ಇರಿಸಿದರು.

ನಾವಿದ್ದ ಕಡೆ ಫೋನು ಹಿಡಿಯುತ್ತಿರಲಿಲ್ಲ. ಟಾರು ರಸ್ತೆಗೆ ಬಂದು ಟೈರಿಗೆ ಗಾಳಿ ತುಂಬುತ್ತಿದ್ದಾಗ ಐದು ಫೋನುಗಳೂ ಒಟ್ಟಿಗೆ ಬಡಿದುಕೊಂಡುವು. ನನ್ನದರಲ್ಲಿ ಬೆಂಗಳೂರಿನಿಂದ ನಮ್ಮ ಮನೆಯಾಕೆ: “ನೀವು ನೋಡಲು ಹೋದ ರೇಸಿನಲ್ಲಿ ಯಾರೋ ತೀರಿಕೊಂಡರಂತೆ. ನಮ್ಮ ದೇಶದ ಕಂಪೆನಿಯ ಸವಾರನಂತೆ. ನೀವು ಹುಷಾರಾಗಿದ್ದೀರ?”

ಅದನ್ನು ಗಟ್ಟಿಯಾಗಿ ಓದಿದೆ. ಸಾಹೇಬರು ಗಾಳಿಯ ಪಂಪನ್ನು ನಿಲ್ಲಿಸಿದರು. ಒಬ್ಬರೂ ಮಾತನಾಡಲಿಲ್ಲ. ಹೆಸರು ಬೇಕಾಗಿತ್ತು, ಹೆಸರು ಸಿಗುತ್ತಿರಲಿಲ್ಲ. ಫೋನಿನ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಒಂದೊಂದು ನಿಮಿಷವೂ ನನಗೆ ಆ ಎತ್ತಿದ ಕೈ ಕಾಣಿಸುತ್ತಿತ್ತು. ಕೊನೆಗೆ ಡಾಕ್ಟರ ಫೋನಿನಲ್ಲಿ ಸುದ್ದಿ ತೆರೆಯಿತು. ಸತ್ತವನು ಪೌಲೊ ಗೊನ್ಸಾಲ್ವಿಸ್. ಪೋರ್ಚುಗಲ್ಲಿನವನು. ವಯಸ್ಸು ೪೦.

“ನಮ್ಮವ ಅಲ್ರೀ! ಸಂತೋಷ ಅಲ್ರೀ! ಸಿದ್ಧಾರೂಢರ ಕೃಪಾ” ಎಂದರು ಡಾಕ್ಟರು. ಅಬ್ಬ ಎಂದೆ ನಾನು. ಎಂಜಿನಿಯರು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಸಾಹೇಬರು ಆಕಾಶ ನೋಡಿದರು. ನಾವು ನಾಲ್ವರೂ ನಕ್ಕೆವು, ಓದುಗರೆ, ನಿಜವಾಗಿಯೂ ನಕ್ಕೆವು.

ಎಂಜಿನಿಯರ ಮನೆಯವರು ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದರು. “ಪೋರ್ಚುಗಲ್ಲಿನಲ್ಲಿ ಈಗ ಎಷ್ಟು ಗಂಟೆ?” ಎಂದು ಕೇಳಿದರು.

ಇಲ್ಲಿ ಎರಡು. ಅಲ್ಲಿ ಮೂರು ಗಂಟೆ ಹಿಂದೆ. ಹನ್ನೊಂದು ಎಂದ ಗಂಡ.

“ಭಾನುವಾರ ಅಲ್ಲವೆ ಅವರಿಗೆ? ಮಕ್ಕಳೂ ದೊಡ್ಡವರೂ ಮನೆಯಲ್ಲೇ ಇರುತ್ತಾರೆ. ಅಡಿಗೆಗೆ ಇಟ್ಟಿರುತ್ತಾರೆ.”

ಇಷ್ಟೇ ಅಂದದ್ದು. ಮುಖದ ಮೇಲಿದ್ದ ನಗುವನ್ನು ಎಲ್ಲಿ ಇಡಬೇಕೋ ನಮಗೆ ತಿಳಿಯದೆ ಹೋಯಿತು. ಸಾಹೇಬರು ಬಗ್ಗಿ ಮತ್ತೆ ಟೈರಿಗೆ ಗಾಳಿ ತುಂಬತೊಡಗಿದರು.

ರಿಯಾದಿಗೆ ಹಿಂದಿರುಗುವ ಮುನ್ನೂರು ಕಿಲೋಮೀಟರೂ ಗಾಡಿಯಲ್ಲಿ ಮಾತಿರಲಿಲ್ಲ. ಆಮೇಲೆ ಆ ವಾರವೆಲ್ಲ ಓದಿ ತಿಳಿದದ್ದು ಹೀಗೆ. ಗೊನ್ಸಾಲ್ವಿಸ್ಸನಿಗೆ ಅದು ಹದಿಮೂರನೆಯ ಡಕಾರ್. ೨೦೧೩ರಲ್ಲಿ ಈ ಬಗೆಯ ರ‍್ಯಾಲಿಗಳ ವಿಶ್ವ ಚಾಂಪಿಯನ್ನನಾದವನು. ೨೦೧೫ರ ಡಕಾರಿನಲ್ಲಿ ಎರಡನೆಯವನು. ಆ ೨೦೨೦ರ ರೇಸಿನ ಮೂರನೆಯ ದಿನ ಎಂಜಿನು ಕೆಟ್ಟು ಗಂಟೆಗಟ್ಟಲೆ ನಿಂತುಹೋಗಿತ್ತು. ಗೆಲ್ಲುವ ಆಸೆ ಅಂದಿಗೇ ಮುಗಿದಿತ್ತು. ಆದರೂ ಎಂಜಿನು ಬದಲಾಯಿಸಿಕೊಂಡು ಹೊರಟ. ಏಳನೆಯ ದಿನ ೨೭೬ನೆಯ ಕಿಲೋಮೀಟರಿನಲ್ಲಿ ಬಿದ್ದ. ೧೦ ಗಂಟೆ ೮ ನಿಮಿಷಕ್ಕೆ ಸುದ್ದಿ ಮುಟ್ಟಿತು; ೧೦ ಗಂಟೆ ೧೬ಕ್ಕೆ ವೈದ್ಯರ ಹೆಲಿಕಾಪ್ಟರು ಅಲ್ಲಿಗೆ ಬಂತು. ಎಂಟು ನಿಮಿಷ. ಅವನನ್ನು ಕೊಂಡೊಯ್ದದ್ದು ಲೈಲಾ ಊರಿನ ಆಸ್ಪತ್ರೆಗೆ. ಹಿಂದಿನ ದಿನ ನಾವು ಪೆಟ್ರೋಲು ಹಾಕಿಸಿಕೊಂಡು ಮಜ್ನೂನನ ಬೆಟ್ಟದ ವಿಷಯ ಜಗಳವಾಡಿದ ಊರು.

ಅವನ ಬಳಿ ನಿಂತವರಲ್ಲಿ ಆಸ್ಟ್ರೇಲಿಯದ ಟೋಬಿ ಪ್ರೈಸ್ ಒಬ್ಬ. ೨೦೧೯ರಲ್ಲಿ ಗೆದ್ದವನು, ಈ ಸಲವೂ ಗೆಲ್ಲಲೆಂದೇ ಬಂದವನು. ಗಡಿಯಾರ ಓಡುತ್ತಿದ್ದಂತೆಯೇ ತನ್ನ ಗಾಡಿಯನ್ನು ನಿಲ್ಲಿಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲಿಯೇ ಇದ್ದ. ಈ ರೇಸಿನಲ್ಲಿ ಒಂದು ನಿಯಮವಿದೆ: ಬಿದ್ದವನಿಗೆ ನೆರವಾಗಲು ನಿಂತವನಿಗೆ ಆ ಹೊತ್ತನ್ನು ಲೆಕ್ಕದಲ್ಲಿ ಹಿಂದಿರುಗಿಸುತ್ತಾರೆ. ಒಳ್ಳೆಯ ನಿಯಮ. ಆದರೆ ನಿಲ್ಲುವ ಗಳಿಗೆಯಲ್ಲಿ ಯಾವನೂ ನಿಯಮವನ್ನು ನೆನೆದು ನಿಂತಿರಲಾರನೆಂದು ನನಗೆ ತೋರುತ್ತದೆ. ಮರುದಿನದ ಓಟವನ್ನು ಮೋಟಾರ್ ಸೈಕಲ್ಲಿನವರಿಗೆ ರದ್ದು ಮಾಡಿದರು. ಹೀರೋ ತಂಡ ರೇಸಿನಿಂದಲೇ ಹಿಂದೆಗೆಯಿತು. ಸಂತೋಷರೂ ಮನೆಗೆ ಮರಳಿದರು. ಆ ತಂಡದ ಇನ್ನೊಬ್ಬ ಸವಾರ ಜ್ವಾಕಿಂ ರೊಡ್ರಿಗಸ್ ಎಂಬಾತ ಗೊನ್ಸಾಲ್ವಿಸ್ಸನ ಹೆಂಡತಿಯ ಒಡಹುಟ್ಟಿದವನು. ೨೦೨೨ರಲ್ಲಿ ಆ ತಂಡಕ್ಕೆ ಡಕಾರಿನಲ್ಲಿ ಮೊಟ್ಟಮೊದಲನೆಯ ದಿನದ ಗೆಲುವನ್ನು ತಂದುಕೊಟ್ಟವನು ಅವನೇ.

ಕೈ ಎತ್ತಿದವನು ಯಾರು? ಈ ಪ್ರಶ್ನೆಯನ್ನು ನಾವು ಐವರೂ ಒಬ್ಬರನ್ನೊಬ್ಬರು ಕೇಳಿಕೊಂಡಿಲ್ಲ. ನಾಲ್ವರಲ್ಲಿ ಒಬ್ಬ. ನಾವು ಕೂಗಿದ ಹೆಸರು ಅವನದೇ ಇದ್ದಿರಬಹುದು, ಅಲ್ಲದೆಯೂ ಇದ್ದಿರಬಹುದು. ಹೆಲ್ಮೆಟ್ಟಿನೊಳಗೆ ಹೆಸರು ಕೇಳಿಸುವುದಿಲ್ಲವೆಂದು ಸಾಹೇಬರು ಹೇಳುತ್ತಾರೆ. ಯಾರೋ ತನಗಾಗಿ ಎದ್ದು ನಿಂತಿದ್ದಾರೆಂಬುದಷ್ಟೇ ಕಾಣುತ್ತದೆ.

ಮರುವರ್ಷ, ೨೦೨೧ರ ಜನವರಿ ೬. ಆಗ ನಾವೆಲ್ಲ ಮೂಗು ಬಾಯಿ ಕಟ್ಟಿಕೊಂಡು ಮನೆಯೊಳಗೆ ಕೂತಿದ್ದ ಕಾಲ. ಆ ಸಲ ರೇಸು ವಾದಿ ಅದ್-ದವಾಸಿರಿನಿಂದ ರಿಯಾದಿಗೆ ಬರುವುದಿತ್ತು. ಹಿಂದಿನ ವರ್ಷ ಅವೆರಡು ಊರುಗಳ ನಡುವೆ ಇತ್ತಣಿಂದತ್ತ ಹೋಗಿತ್ತು. ಸಂತೋಷ್ ಬಿದ್ದದ್ದು ಅಂದು. ತಲೆಗೆ ಭಾರಿ ಪೆಟ್ಟು. ಸಹಸವಾರನೊಬ್ಬ ನಿಂತ, ಹೆಲಿಕಾಪ್ಟರು ಬಂತು, ರಿಯಾದಿನ ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಪ್ರಜ್ಞೆ ತಪ್ಪಿಸಿ ಮಲಗಿಸಿದರು. ಈ ಸಲ ಸುದ್ದಿ ಬಂದದ್ದು ರಿಯಾದಿನಿಂದ ಬೆಂಗಳೂರಿಗೆ. ಎಂಜಿನಿಯರ ಮನೆಯವರು ದಿನಕ್ಕೆರಡು ಸಲ ಫೋನು ಮಾಡಿದರು. ಆಸ್ಪತ್ರೆಯ ಬಾಗಿಲಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಡಾಕ್ಟರು ತಮ್ಮವರಿಂದ ಅಷ್ಟಿಷ್ಟು ಕೇಳಿ ತಿಳಿಸುತ್ತಿದ್ದರು. ದಿನಗಳು ಕಳೆದುವು. ಕೊನೆಗೊಂದು ದಿನ ಸಾಹೇಬರ ಧ್ವನಿ: “ಎಚ್ಚರ ಆಯ್ತಂತೆ ಮಾರಾಯ್ರೆ!” ಆ ತಿಂಗಳಲ್ಲೇ ಅವರನ್ನು ಊರಿಗೆ ಕರೆತಂದರು. ಮುಂದಿನ ಚಿಕಿತ್ಸೆ ಬೆಂಗಳೂರಿನಲ್ಲಿಯೇ ನಡೆಯಿತು. ಆ ವರ್ಷದಿಂದ ಮೋಟಾರ್ಸೈಕಲ್ಲಿನ ಸವಾರರೆಲ್ಲರೂ ಬಿದ್ದೊಡನೆ ಗಾಳಿ ತುಂಬಿಕೊಳ್ಳುವ ಅಂಗಿ ತೊಡಲೇಬೇಕೆಂಬ ಕಟ್ಟಳೆ ಜಾರಿಗೆ ಬಂದಿತ್ತು.

ಎಚ್ಚರವಾದ ಸುದ್ದಿಯ ಜೊತೆಗೆ ಸಾಹೇಬರು ಇನ್ನೊಂದು ಸಂಗತಿಯನ್ನೂ ಹೇಳಿದರು. ಅಪಘಾತವಾದ ದಿನ ರಾತ್ರಿ ದವಾಸಿರಿನ ಆ ಮುದುಕರು ಫೋನು ಮಾಡಿದ್ದರಂತೆ. ಒಂದು ವರ್ಷದಲ್ಲಿ ಅದೇ ಮೊದಲ ಸಲ.

“ಬಿದ್ದವನು ನಿಮ್ಮವನೆ? ಆ ದಿನ ನೀವು ಹೆಸರು ಕೂಗಿದಿರಲ್ಲ, ಅವನೆ?”

ಹೌದು, ಅವನೇ ಎಂದರಂತೆ ಸಾಹೇಬರು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೇವರು ಅವನನ್ನು ಅವನ ತಾಯಿಗೆ ಹಿಂದಿರುಗಿಸಲಿ ಎಂದರಂತೆ. ಆಮೇಲೆ ಕೇಳಿದರಂತೆ:

“ಹೋದ ವರ್ಷದವನು ಇದ್ದನಲ್ಲ, ಅವನ ಮನೆಯವರೆಲ್ಲ ಹೇಗಿದ್ದಾರೆ?”

ಸಾಹೇಬರಿಗೆ ಹೇಳಲು ತಿಳಿಯಲಿಲ್ಲ. ಅವರು ನನ್ನನ್ನು ಕೇಳಿದರು. ನನಗೂ ತಿಳಿದಿರಲಿಲ್ಲ.